ಎರಡು ಗೆಲುವು, ಎಂಟು ಸೋಲು

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದಾಗ ಎಲ್ಲರೂ ಸೋಲೇ ಕಾಣದ ತಂಡಗಳ ಹೆಸರು ಹೇಳುತ್ತಾರೆ. ನನಗೆ ನೆನಪಾಗುವುದು ಮಾರ್ಷಲ್ ವಿಶ್ವವಿದ್ಯಾಲಯದ 1971ರ ತಂಡ.

ಅದಕ್ಕೆ ಹಿಂದಿನ ವರ್ಷ, 1970ರ ನವೆಂಬರ್ 14ರ ರಾತ್ರಿ, ಪಂದ್ಯ ಮುಗಿಸಿ ಮರಳುತ್ತಿದ್ದ ಅವರ ವಿಮಾನ ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ವಿಮಾನ ನಿಲ್ದಾಣದ ಬಳಿ ಗುಡ್ಡಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 75 ಜನರೂ ಹೋದರು. ಆಟಗಾರರೇ 37. ಜೊತೆಗೆ ತರಬೇತುದಾರರು, ಊರಿನ ಅಭಿಮಾನಿಗಳು. ಆರು ಆಟಗಾರರ ಗುರುತು ಹಿಡಿಯಲೂ ಆಗದೆ ಒಂದೇ ಕಡೆ ಅಕ್ಕಪಕ್ಕ ಮಣ್ಣು ಮಾಡಿದರು. ಆ ವಯಸ್ಸಿನ ಮಕ್ಕಳು!

ಫುಟ್‌ಬಾಲೇ ಬೇಡ ಎಂಬ ಮಾತೂ ಬಂತು. ಕೊನೆಗೆ ಆಡುವುದೆಂದಾಯಿತು. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಇವರಿಗೆ ವಿಶೇಷ ಅನುಮತಿ ಸಿಕ್ಕಿತು. ಹೊಸ ಕೋಚ್ ಜ್ಯಾಕ್ ಲೆಂಗ್ಯೆಲ್ ಆ ಹುಡುಗರನ್ನೂ, ಬೇರೆ ಆಟಗಳಿಂದ ಬಂದವರನ್ನೂ ಸೇರಿಸಿ ತಂಡ ಕಟ್ಟಿದರು. ಮೊದಲ ಪಂದ್ಯ ಸೋತರು.

ಎರಡನೆಯದು ಸೆಪ್ಟೆಂಬರ್ 25, ತವರಿನಲ್ಲಿ, ಝೇವಿಯರ್ ವಿರುದ್ಧ. ಕೊನೆಯ ಗಳಿಗೆಯಲ್ಲಿ 13-9ರ ಹಿನ್ನಡೆ. ಕಟ್ಟಕಡೆಯ ಆಟದಲ್ಲಿ ರೆಗ್ಗಿ ಆಲಿವರ್ ಎಸೆದ ಚೆಂಡನ್ನು ಟೆರಿ ಗಾರ್ಡ್ನರ್ ಹಿಡಿದು ಗೆರೆ ದಾಟಿದ. 15-13!

ಆ ಇಡೀ ಸೀಸನ್‌ನಲ್ಲಿ ಗೆದ್ದದ್ದು ಇನ್ನೊಂದೇ ಪಂದ್ಯ. ಆದರೂ ಮುಂದೆ ಈ ವಿಶ್ವವಿದ್ಯಾಲಯ ಗೆದ್ದ 1992 ಮತ್ತು 1996ರ ಚಾಂಪಿಯನ್‌ಶಿಪ್‌ಗಳಿಗಿಂತ ನನಗೆ ಈ ಎರಡು ಗೆಲುವುಗಳೇ ದೊಡ್ಡವು. 'ವಿ ಆರ್ ಮಾರ್ಷಲ್' ಅಂತ 2006ರಲ್ಲಿ ಸಿನಿಮಾ ಬಂದಿದೆ, ಸಿಕ್ಕರೆ ದಯವಿಟ್ಟು ನೋಡಿ.