ಎಂಟು ಪೌಂಡಿನ ಮುಂದಿನ ಸಾಲು

ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ನಿಲ್ದಾಣದಲ್ಲಿ ನೆಲದಡಿಯ ರೈಲಿನಿಂದ ಇಳಿದು, ಎಕ್ಸಿಬಿಷನ್ ರಸ್ತೆ ಹಿಡಿದು ಉತ್ತರಕ್ಕೆ ನಡೆದರೆ ಎಡಗಡೆ ವಿಜ್ಞಾನ ವಸ್ತುಸಂಗ್ರಹಾಲಯ, ಅದನ್ನು ದಾಟಿದರೆ ಇಂಪೀರಿಯಲ್ ಕಾಲೇಜು. ಅಲ್ಲಿಂದ ಎಡಕ್ಕೆ ತಿರುಗಿದರೆ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್. ಅದರ ಎದುರಿನ ಮೆಟ್ಟಿಲುಗಳ ಮೇಲೆ ಗಾಜಿನ ಗುಮ್ಮಟ ಹೊತ್ತ ಕೆಂಪು ಇಟ್ಟಿಗೆಯ ದುಂಡನೆಯ ಕಟ್ಟಡ. ಅದೇ ರಾಯಲ್ ಆಲ್ಬರ್ಟ್ ಹಾಲ್. 1851ರ ಮಹಾ ವಸ್ತುಪ್ರದರ್ಶನದಿಂದ ಬಂದ ಲಾಭದಲ್ಲಿ ಕೊಂಡ ಜಮೀನಿನ ಮೇಲೆ ಈ ವಿದ್ಯಾಕೇಂದ್ರಗಳೆಲ್ಲ ಎದ್ದವು. ಸಭಾಂಗಣ 1871ರಲ್ಲಿ ಬಾಗಿಲು ತೆರೆಯಿತು.

ಪ್ರತಿ ಬೇಸಿಗೆಯಲ್ಲೂ ಸುಮಾರು ಎಂಟು ವಾರ ಇಲ್ಲಿ ‘ಪ್ರಾಮ್ಸ್’ ಸಂಗೀತೋತ್ಸವ. ಜಗತ್ತಿನ ಹೆಸರಾಂತ ಸಿಂಫನಿ ವಾದ್ಯವೃಂದಗಳು ಬಂದು ನುಡಿಸಿ ಹೋಗುತ್ತವೆ. ಆದರೆ ಹೊಸಬರ ಕಣ್ಣಿಗೆ ಮೊದಲು ಬೀಳುವುದು ವೇದಿಕೆಯಲ್ಲ, ಅದರ ಮುಂದಿನ ನೆಲ. ಅಲ್ಲಿ ಕುರ್ಚಿಗಳೇ ಇಲ್ಲ! ನೂರಾರು ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಕಾಲೇಜು ಹುಡುಗರು, ನಿವೃತ್ತ ಮೇಷ್ಟರು, ಬೆನ್ನಿಗೆ ಚೀಲ ಹಾಕಿದ ಪ್ರವಾಸಿಗಳು. 2024ರಲ್ಲಿ ಈ ನಿಲ್ಲುವ ಟಿಕೆಟ್ಟಿನ ಬೆಲೆ 8 ಪೌಂಡ್. ಒಳ್ಳೆಯ ಆಸನಕ್ಕೆ ಇದರ ಹಲವು ಪಟ್ಟು ತೆರಬೇಕು. ಆದರೂ ಪಿಟೀಲಿನ ಕಮಾನು ತಂತಿಯ ಮೇಲೆ ಸರಿಯುವುದನ್ನು ತೀರ ಹತ್ತಿರದಿಂದ ನೋಡುವವನು ಕಡಿಮೆ ದುಡ್ಡು ಕೊಟ್ಟವನೇ. ನಮ್ಮ ಸಭೆಗಳಲ್ಲಿ ಮುಂದಿನ ಸೋಫಾ ಯಾರಿಗೆ ಮೀಸಲು ಎಂಬುದನ್ನು ಬಿಡಿಸಿ ಹೇಳಬೇಕೇ?

ಒಂದು ಷಿಲಿಂಗಿನ ಕನಸು

ಇದು ಯೋಚಿಸಿ ಮಾಡಿದ ಏರ್ಪಾಡು. 1895ರಲ್ಲಿ ರಾಬರ್ಟ್ ನ್ಯೂಮನ್ ಎಂಬ ವ್ಯವಸ್ಥಾಪಕರು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಈ ಕಛೇರಿಗಳನ್ನು ಆರಂಭಿಸಿದರು. ಜನರನ್ನು ಸುಲಭದ ಸಂಗೀತದಿಂದ ಕರೆತಂದು, ಮೆಲ್ಲಮೆಲ್ಲನೆ ಗಂಭೀರ ಸಂಗೀತಕ್ಕೆ ಒಗ್ಗಿಸಬೇಕೆಂಬುದು ಅವರ ಆಸೆ. ಪ್ರವೇಶ ದರ ಒಂದು ಷಿಲಿಂಗ್. ತಿನ್ನಬಹುದಿತ್ತು, ಕುಡಿಯಬಹುದಿತ್ತು, ಅಡ್ಡಾಡಬಹುದಿತ್ತು. ‘ಪ್ರಾಮನೇಡ್’ ಎಂದರೆ ಅಡ್ಡಾಡುವುದು. ಹೆಸರು ಬಂದದ್ದು ಹಾಗೆ. ವಾದ್ಯವೃಂದವನ್ನು ನಡೆಸಿದ ಹೆನ್ರಿ ವುಡ್‌ಗೆ ಆಗ 26 ವರ್ಷ. 1927ರಲ್ಲಿ ಹೊಣೆ ಬಿಬಿಸಿಯ ಕೈಗೆ ಬಂತು. 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬುಗಳಿಗೆ ಕ್ವೀನ್ಸ್ ಹಾಲ್ ಸುಟ್ಟು ಹೋಯಿತು. ಅದೇ ವರ್ಷ ಉತ್ಸವ ಆಲ್ಬರ್ಟ್ ಹಾಲ್‌ಗೆ ಬಂದಿತೇ ಹೊರತು ನಿಲ್ಲಲಿಲ್ಲ. ಅವಶೇಷಗಳಡಿ ಸಿಕ್ಕಿದ ಹೆನ್ರಿ ವುಡ್‌ರ ಪ್ರತಿಮೆ ಇಂದಿಗೂ ಪ್ರತಿ ಉತ್ಸವದಲ್ಲಿ ವೇದಿಕೆಯ ಹಿಂದೆ ನಿಂತು ಎಲ್ಲವನ್ನೂ ಕೇಳುತ್ತದೆ.

ಗದ್ದಲವೂ ಮೌನವೂ

ನಿಂತು ಕೇಳುವವರ ತುಂಟತನಗಳು ಕೆಲವುಂಟು. ಪಿಯಾನೋದ ಭಾರವಾದ ಮುಚ್ಚಳ ಎತ್ತುವಾಗ ಕೆಳಗಿನವರು ‘ಹೀವ್’ ಎಂದು ಕೂಗಿದರೆ, ಮೇಲಿನ ಗ್ಯಾಲರಿಯವರು ‘ಹೋ’ ಎಂದು ದನಿಗೂಡಿಸುತ್ತಾರೆ. ನಮ್ಮಲ್ಲಿ ತೇರು ಎಳೆಯುವವರ ‘ಐಸಾ’ ನೆನಪಾಗದೇ?

ಬಳಿಕ ಓಬೋ ಒಂದು ಸ್ವರ ಹಿಡಿಯುತ್ತದೆ. ಎರಡು ಪದರದ ಪೀಪಿಯಿಂದ ಊದುವ ಈ ವಾದ್ಯ ನಮ್ಮ ನಾಗಸ್ವರದ ದೂರದ ನೆಂಟ. ಎಂಬತ್ತು ತೊಂಬತ್ತು ವಾದ್ಯಗಳು ಅದಕ್ಕೆ ಶ್ರುತಿ ಕೂಡಿಸುತ್ತವೆ. ಕಂಡಕ್ಟರ್ ಬರುತ್ತಾರೆ. ಬಸ್ಸಿನ ಕಂಡಕ್ಟರರಂತೆ ಇವರಿಗೂ ಎಲ್ಲರನ್ನೂ ಒಟ್ಟಿಗೆ ಊರು ಮುಟ್ಟಿಸುವ ಕೆಲಸ. ಆದರೆ ಸೀಟಿ ಇಲ್ಲ, ಒಂದು ಸಣ್ಣ ಕೋಲು ಮಾತ್ರ. ಕೋಲು ಮೇಲೆದ್ದೊಡನೆ ಐದು ಸಾವಿರ ಜನರ ಸಭಾಂಗಣ ಉಸಿರು ಬಿಗಿಹಿಡಿಯುತ್ತದೆ.

ನಮ್ಮ ಕಛೇರಿಯಲ್ಲಿ ರಸಿಕ ತಲೆದೂಗುತ್ತಾನೆ, ತೊಡೆಯ ಮೇಲೆ ತಾಳ ಹಾಕುತ್ತಾನೆ, ‘ಭಲೇ’ ಎನ್ನುತ್ತಾನೆ. ಇಲ್ಲಿ ಮೌನವೇ ಮೆಚ್ಚುಗೆ. ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ. ಎಲ್ಲ ಮುಗಿಯುವವರೆಗೂ ಚಪ್ಪಾಳೆ ತಟ್ಟುವುದಿಲ್ಲ ಎಂಬುದು ಈಚಿನ ರೂಢಿ. ಮೊಜಾರ್ಟನ ಕಾಲದ ಕೇಳುಗರು ನಡುನಡುವೆಯೂ ತಟ್ಟುತ್ತಿದ್ದರು. ಹೀಗಾಗಿ ಯಾರೋ ಹೊಸಬರು ನಡುವೆ ತಟ್ಟಿದರೆ ಆಕಾಶವೇನೂ ಕಳಚಿ ಬೀಳದು.

ಈ ಸಭಾಂಗಣದಲ್ಲಿ ಒಂದು ಕೊರತೆಯೂ ಇತ್ತು: ಮಾರ್ದನಿ. ಇಲ್ಲಿ ನುಡಿಸಿದ್ದೆಲ್ಲ ಎರಡು ಸಲ ಕೇಳುತ್ತದೆ ಎಂಬ ಹಾಸ್ಯವೇ ಹುಟ್ಟಿಕೊಂಡಿತ್ತು. 1969ರಲ್ಲಿ ಗುಮ್ಮಟದಡಿ ಅಣಬೆಯಾಕಾರದ ತಟ್ಟೆಗಳನ್ನು ತೂಗುಹಾಕಿದ ಮೇಲೆ ಅದು ಬಹಳಮಟ್ಟಿಗೆ ತಗ್ಗಿತು. ಭೌತಶಾಸ್ತ್ರದ ವಿದ್ಯಾರ್ಥಿಗಳು ತಲೆಯೆತ್ತಿ ನೋಡಬೇಕಾದ ಪಾಠ ಅದು.

ಮರೆಯದ ಎರಡು ಸಂಜೆಗಳು

ಕ್ಯಾಸೆಟ್ಟಿನಲ್ಲೋ ಫೋನಿನಲ್ಲೋ ಕೇಳಿದರೆ ಸಾಲದೇ ಎಂದು ಕೇಳುವವರುಂಟು. ಅವರಿಗೆ 1968ರ ಆಗಸ್ಟ್ 21ರ ಕಥೆ ಹೇಳಬೇಕು. ಸೋವಿಯತ್ ಪಡೆಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ ದಿನ ಅದು. ಅಂದೇ ಇಲ್ಲಿ ಸೋವಿಯತ್ ಸರ್ಕಾರಿ ವಾದ್ಯವೃಂದದ ಕಛೇರಿ ಗೊತ್ತಾಗಿತ್ತು! ಸಭೆಯಲ್ಲಿ ಪ್ರತಿಭಟನೆಯ ಕೂಗು ಎದ್ದಿತು. ರಷ್ಯದ ಚೆಲ್ಲೋ ವಾದಕ ರಾಸ್ತ್ರಪೋವಿಚ್ ಅಂದು ನುಡಿಸಬೇಕಿದ್ದದ್ದು ಚೆಕ್ ಸಂಗೀತಗಾರ ದ್ವೊರ್ಜಾಕನ ಕೃತಿ. ಆತ ಕಣ್ಣೀರಿಡುತ್ತಲೇ ನುಡಿಸಿದ. ಮುಗಿದ ಮೇಲೆ ದ್ವೊರ್ಜಾಕನ ಸ್ವರಲಿಪಿಯನ್ನು ಎತ್ತಿ ಹಿಡಿದ. ಕೂಗಿದವರಿಗೂ ನುಡಿಸಿದವನಿಗೂ ಒಂದೇ ನೋವೆಂಬುದು ಮಾತಿಲ್ಲದೆ ತಿಳಿಯಿತು. ಅದನ್ನು ಅಲ್ಲಿದ್ದೇ ಅರಿಯಬೇಕು.

1974ರ ಇನ್ನೊಂದು ಸಂಜೆ, ‘ಕಾರ್ಮಿನಾ ಬುರಾನಾ’ ನಡೆದಿದ್ದಾಗ ಗಾಯಕ ಥಾಮಸ್ ಆಲನ್ ಸೆಕೆ ತಾಳದೆ ಕುಸಿದರು. ನಿಂತು ಕೇಳುತ್ತಿದ್ದವರ ನಡುವಿನಿಂದ ಆ ಕೃತಿ ಬಲ್ಲ ಯುವಕನೊಬ್ಬ ಮುಂದೆ ಬಂದು, ವೇದಿಕೆ ಏರಿ ಹಾಡನ್ನು ಪೂರೈಸಿದ. ಅವಕಾಶ ಹೇಳಿಕೇಳಿ ಬರುವುದಿಲ್ಲ. ಅದು ಬಂದಾಗ ಪಾಠ ಬಾಯಿಗೆ ಬರುತ್ತಿರಬೇಕು, ಅಷ್ಟೇ.

ಮೈಸೂರಿನ ನಂಟು

ಈ ಗುಮ್ಮಟದಡಿ ಕನ್ನಡನಾಡಿನ ಹೆಸರೂ ಸೇರಿದೆ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಸಿದ್ದು ಇಲ್ಲಿಯೇ. ಸಂಗೀತಗಾರ ಅದನ್ನು ಕೇಳಲು ಬದುಕಿರಲಿಲ್ಲ. ಆ ಕಛೇರಿಗೆ ಹಣದ ಆಸರೆಯಿತ್ತವರು ಮೈಸೂರಿನ ಜಯಚಾಮರಾಜ ಒಡೆಯರ್. ಅಂದು ನುಡಿಸಿದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಅವರು ಪೋಷಕರಾಗಿದ್ದರು. ಅದೇ ಒಡೆಯರು ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಒಂದು ಸಂಗೀತವನ್ನು ಪ್ರೀತಿಸಲು ಇನ್ನೊಂದನ್ನು ಬಿಡಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಮಕ್ಕಳನ್ನು ಇಂಥ ಕಛೇರಿಗೆ ಕರೆದೊಯ್ಯಲು ಲಂಡನ್ನಿಗೇ ಹೋಗಬೇಕೆಂದಿಲ್ಲ. ಮುಂಬೈನ ಎನ್‌ಸಿಪಿಎಯಲ್ಲಿ 2006ರಲ್ಲಿ ಹುಟ್ಟಿದ ಭಾರತೀಯ ಸಿಂಫನಿ ವಾದ್ಯವೃಂದವಿದೆ. ಕೇಳಲಿರುವ ಕೃತಿಯನ್ನು ಮನೆಯಲ್ಲಿ ಒಂದೆರಡು ಸಲ ಕೇಳಿಸಿ. ಒಂದೇ ವಾದ್ಯವನ್ನು ಆರಿಸಿ ಅದನ್ನೇ ಹಿಂಬಾಲಿಸಲು ಹೇಳಿ. ಇನ್ನು ನಮ್ಮ ಸಂಗೀತ ಸಭೆಗಳ ಹಿರಿಯರಲ್ಲಿ ಒಂದು ಕೋರಿಕೆ: ವೇದಿಕೆಯ ಮುಂದೆ ಒಂದು ಜಮಖಾನ ಹಾಸಿ, ಅದನ್ನು ಮಕ್ಕಳಿಗೆಂದು ಬಿಟ್ಟುಕೊಡಿ. ಸೋಫಾಗಳು ಒಂದಿಷ್ಟು ಹಿಂದೆ ಸರಿದರೆ ಯಾರ ಗೌರವವೂ ಕುಂದದು.