ವಾರ್ಡ್‌ರೋಬ್‌ಗಿಂತ ಮೊದಲು ಸ್ಟ್ಯಾಂಡು

ಮಲಗೋ ಕೋಣೆಯ ಗೋಡೆ ಅಳತೆಗೆ ವಾರ್ಡ್‌ರೋಬ್ ನಾನೇ ಮಾಡ್ತೀನಿ ಅಂತ ಹೊರಟವನು ಮೊದಲ ಎರಡು ಭಾನುವಾರ ಕಳೆದದ್ದು ಮೈಟರ್ ಸಾಗೆ, ಅಂದ್ರೆ ಪಟ್ಟಿಯನ್ನ ಬೇಕಾದ ಕೋನಕ್ಕೆ ಕೊಯ್ಯೋ ಮೆಷಿನ್‌ಗೆ, ಸ್ಟ್ಯಾಂಡ್ ಮಾಡೋದ್ರಲ್ಲಿ. ಅದಕ್ಕೆ ಕಾರಣ ಇದೆ. ಎಂಟಡಿ ಬೀಡಿಂಗ್ ಪಟ್ಟಿಗೆ ಆಸರೆ ಇಲ್ಲದಿದ್ರೆ ಹೊರಗೆ ಚಾಚಿದ ತುದಿ ಜಗ್ಗತ್ತೆ, ಬ್ಲೇಡ್ ಹತ್ತಿರ ಪಟ್ಟಿ ಮೇಜು ಬಿಟ್ಟು ಏಳತ್ತೆ. 45 ಡಿಗ್ರಿಗೆ ಕೊಯ್ದ ಮೂಲೆ ಜೋಡಿಸುವಾಗ ಬಾಯಿ ಬಿಡತ್ತೆ.

ಉಳಿದಿದ್ದ 18 ಎಂಎಂ ಪ್ಲೈವುಡ್‌ನಲ್ಲೇ ಮೆಷಿನ್‌ನ ಎರಡೂ ಕಡೆ ರೆಕ್ಕೆ ಕಟ್ಟಿದೆ. ಉದ್ದದ ಅಲ್ಯೂಮಿನಿಯಂ ಪಟ್ಟಿ ಅಡ್ಡ ಇಟ್ಟು ಬಗ್ಗಿ ನೋಡಿದರೆ ಮೆಷಿನ್ ಮೇಜಿನ ಮೇಲೆ ಸಣ್ಣ ಗೆರೆಯಷ್ಟು ಬೆಳಕು. ಎಡಗಡೆ 2 ಎಂಎಂ ಎತ್ತರ! ಬಿಚ್ಚಿ, ಕಾಲು ಕೊಯ್ದು, ಮತ್ತೆ ಕೂರಿಸಿದೆ. ಬಲಗಡೆ ಒಂದು ಮರದ ತುಂಡನ್ನ ತಡೆಯಾಗಿ ಬಿಗಿದಿದ್ದೀನಿ. ಈಗ ಒಂದು ಸಲ ಅಳೆದರೆ ಸಾಕು, ಹನ್ನೆರಡು ಪಟ್ಟಿಯೂ ಒಂದೇ ಉದ್ದ. ಟೇಪು ಹಿಡಿದು ಹನ್ನೆರಡು ಸಲ ಗುರುತು ಹಾಕೋದು ತಪ್ಪಿತು. ಇದೊಂದಕ್ಕೇ ಎರಡು ಭಾನುವಾರ ಸಾರ್ಥಕ ಅನಿಸಿತು.

ಇನ್ನು ವಾರ್ಡ್‌ರೋಬ್‌ನ ಅಳತೆ. ಗೋಡೆ ನೇರ ಇದೆ ಅಂತ ಮಾತ್ರ ಯಾವತ್ತೂ ನಂಬಬೇಡಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಚಿಕ್ಕದನ್ನೇ ಹಿಡೀರಿ. ಹ್ಯಾಂಗರ್ ಅಡ್ಡ ಬರಬೇಕಾದರೆ ಒಳಗಿನ ಆಳ 22 ಇಂಚಾದರೂ ಇರಲಿ.

ಅಮ್ಮನ ಸೀರೆಗಳಿಗೆ ರಾಡ್ ಬೇಡ, ಮಡಿಸಿ ಇಡೋ ಖಾನೆಗಳೇ ಬೇಕು. ನಿನ್ನೆ ಅಮ್ಮನನ್ನ ಗೋಡೆ ಹತ್ತಿರ ನಿಲ್ಲಿಸಿ, ಕೈ ಎತ್ತಿಸಿ, ಬೆರಳ ತುದಿಗೆ ಪೆನ್ಸಿಲ್ ಗುರುತು ಹಾಕಿದೆ. ಮೇಲಿನ ಖಾನೆ ಅದಕ್ಕಿಂತ ಒಂದು ಗೇಣು ಕೆಳಗೆ ಬರತ್ತೆ.