ಟ್ರ್ಯಾಕ್ಟರ್ ಹುಡುಗ್ರು, ಲಾರಿ ಸ್ಟೇರಿಂಗು

ಮೆಕ್ಕೆಜೋಳದ ಸೀಸನ್ ಬಂತಂದ್ರೆ ಕೊಟ್ಟೂರು, ಕೂಡ್ಲಿಗಿ ಕಡೆ ಲಾರಿ ಸಿಗ್ತಾವೆ, ಡ್ರೈವರ್ ಸಿಗಂಗಿಲ್ಲ. ಆಗ ಮಾಲೀಕರ ಕಣ್ಣು ನಮ್ಮ ಟ್ರ್ಯಾಕ್ಟರ್ ಹುಡುಗ್ರ ಮೇಲೆ. "ಹೆಂಗೂ ಟ್ರೇಲರ್ ಹೊಡೀತಾನೆ, ಕಳಿಸ್ರಿ." ನನ್ನ ತಮ್ಮನ ಮಗನ್ನೂ ಕೇಳಿದ್ರು. ಅವನಿಗಿನ್ನೂ 19. ಬ್ಯಾಡ ಅಂದೆ. ಮನ್ಯಾಗೆ ಎರಡು ದಿನ ಮಾತಿಲ್ಲ.

ಲಾರಿ ಲೈಸೆನ್ಸಿಗೆ 20 ತುಂಬಬೇಕು, ಎಲ್‌ಎಂವಿ ಲೈಸೆನ್ಸ್ ತಗಂಡು ವರ್ಷ ಆಗಿರಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋದನ್ನ 2019ರಾಗೆ ತೆಗೆದಾರೆ, ಸಾಲಿ ಬಿಟ್ಟೋರು ಹೆದರಬ್ಯಾಡ್ರಿ.

ಅದಿರು ಲಾರಿ ಕಾಲ ನೆನಪೈತಲ್ಲ? ಕ್ಲೀನರ್ ಆಗಿ ಹತ್ತಿದೋನು ಕೆಲವೇ ತಿಂಗಳಿಗೆ ಡ್ರೈವರ್. ಟ್ರಿಪ್ಪಿಗೆ ಲೆಕ್ಕ ಇತ್ತು, ನಿದ್ದೆಗಿರಲಿಲ್ಲ. 2011ರಾಗೆ ಸುಪ್ರೀಂ ಕೋರ್ಟು ಗಣಿ ನಿಲ್ಲಿಸ್ತು, ಲಾರಿ ನಿಂತವು, ಕಂತು ನಿಲ್ಲಲಿಲ್ಲ.

ಟ್ರ್ಯಾಕ್ಟರ್ ಬಂದ್ರೆ ಲಾರಿ ಬಂದಂಗಲ್ಲ. ಡೀಸೆಲ್ ಉಳಿಸಾಕೆ ಇಳಿಜಾರಿನಾಗೆ ಇಂಜಿನ್ ಆಫ್ ಮಾಡೋ ಚಟ ಹುಡುಗ್ರಿಗೈತೆ. ಲಾರಿಯದು ಗಾಳಿ ಬ್ರೇಕು. ಇಂಜಿನ್ ನಿಂತ್ರೆ ಕಂಪ್ರೆಸರ್ ನಿಲ್ತದೆ, ನಾಕು ಸಲ ಪೆಡಲ್ ಒತ್ತೋದ್ರಾಗೆ ಗಾಳಿ ಇಳೀತದೆ, ಸ್ಟೇರಿಂಗೂ ಬಿಗೀತದೆ. ಲೋಡ್ ಇದ್ದಾಗ ಏರಿದ ಗೇರಿನಾಗೇ ಇಳೀಬೇಕು. ಇದನ್ನ ಪಕ್ಕದಾಗೆ ಕುಂತು ಯಾರಾದ್ರೂ ಕಲಿಸಬೇಕು. ಸರ್ಕಾರ ಮಾನ್ಯ ಮಾಡಿದ ಟ್ರೈನಿಂಗ್ ಸೆಂಟರಿನಾಗೆ ಹೆವಿ ಕೋರ್ಸು 38 ತಾಸು, ಆರು ವಾರ.

ನಮ್ಮ ಹುಡುಗ ಈಗ ಎಲ್‌ಎಂವಿ ಮಾಡಿಸ್ಯಾನೆ. ವರ್ಷ ತುಂಬೋತನಕ ಗುರ್ತಿನ ಡ್ರೈವರ್ ಜೊತೆ ಕ್ಲೀನರ್. ಹಗ್ಗ ಬಿಗಿಯೋದು, ತಾಡಪಾಲು ಕಟ್ಟೋದು, ಟೈರ್ ನೋಡೋದು ಕಲೀತಾನೆ. ಹೊಸಪೇಟೆ ಕಡೆ ಹೆವಿ ಚೆನ್ನಾಗಿ ಕಲಿಸೋ ಸ್ಕೂಲ್ ಗೊತ್ತಿದ್ರೆ ತಿಳಿಸ್ರಿ, ಫೀಸೂ ಬರೀರಿ.